ಮಗು ಮಾತಾಡುತ್ತಿಲ್ಲವೇ? ಮೊದಲು ಕಿವಿ ತೋರಿಸಿ

ಅಕ್ಕಂದಿರೇ, ಮಗುವಿಗೆ ಎರಡು ವರ್ಷ ತುಂಬಿತು. ಇನ್ನೂ "ಅಮ್ಮ" ಅನ್ನುತ್ತಿಲ್ಲ. ಆಗ ಮನೆಯಲ್ಲಿ ಏನಂತಾರೆ? "ಅವರಪ್ಪನೂ ತಡವಾಗೇ ಮಾತಾಡಿದ್ದು, ಬಿಡು" ಅಂತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ನಂಜುಂಡೇಶ್ವರನಿಗೆ ಹರಕೆ ಹೊರುತ್ತಾರೆ. ಹರಕೆ ಬೇಡ ಅಂತ ನಾವು ಹೇಳೋದಿಲ್ಲ. ಆದರೆ ಕಾಯುತ್ತಾ ಕೂರಬೇಡಿ.

ಮಾತು ಬರೋದು ಕಿವಿಯಿಂದ. ಮಗು ನಮ್ಮ ಮಾತನ್ನು ಕೇಳಿ ಕೇಳಿ ಕಲಿಯುತ್ತದೆ. ಕಿವಿಯೇ ಕೇಳದಿದ್ದರೆ ನಾಲಿಗೆ ಚೆನ್ನಾಗಿದ್ದೂ ಮಾತು ಬರೋದಿಲ್ಲ. ಅಂಥ ಮಗುವನ್ನು ಪೆದ್ದು ಅನ್ನಬೇಡಿ.

ಆರು ತಿಂಗಳಿಗೆ ಮಗು ಸದ್ದು ಬಂದ ಕಡೆ ತಿರುಗಬೇಕು. ವರ್ಷಕ್ಕೆ ಹೆಸರು ಕರೆದರೆ ನೋಡಬೇಕು, ಒಂದೆರಡು ಮಾತು ಆಡಬೇಕು. ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಕೊಡು" ಅನ್ನಬೇಕು. ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದು ನೋಡಿ. ಕಾಲು ನೆಲಕ್ಕೆ ಬಡಿಯಬೇಡಿ. ನೆಲ ಅದುರಿದರೆ ಕಿವುಡು ಮಗುವೂ ತಿರುಗುತ್ತದೆ. "ಬಾಗಿಲು ಬಡಿದರೆ ತಿರುಗುತ್ತಲ್ಲ" ಅನ್ನೋರಿದ್ದಾರೆ. ದೊಡ್ಡ ಸದ್ದು ಕೇಳಿಸಿ, ಮಾತು ಕೇಳಿಸದೇ ಇರಬಹುದು. ಮನೆಯ ಪರೀಕ್ಷೆ ಅನುಮಾನಕ್ಕೆ ಮಾತ್ರ.

ಸರಿಯಾದ ಪರೀಕ್ಷೆ ನಮಗೆ ಹತ್ತಿರದಲ್ಲೇ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇದು 1965ರಲ್ಲಿ ಶುರುವಾಯಿತು. ದೂರದ ರಾಜ್ಯಗಳಿಂದ ಜನ ಇಲ್ಲಿಗೆ ಬರುತ್ತಾರೆ. ಹದಿನಾರಿನವರಿಗೆ ನಂಜನಗೂಡು ದಾಟಿದರೆ ಮೈಸೂರು!

ಅಲ್ಲಿ ಮೊದಲು ತಾಯಿಯನ್ನು ಕೇಳುತ್ತಾರೆ. ಹುಟ್ಟಿದ ಕೂಡಲೇ ಮಗು ಅತ್ತಿತೇ? ಕಾಮಾಲೆ ಬಂದಿತ್ತೇ? ಮಿದುಳು ಜ್ವರ ಬಂದಿತ್ತೇ? ಸೋದರಮಾವನನ್ನು ಮದುವೆಯಾದಿರಾ? ಹತ್ತಿರದ ಸಂಬಂಧದ ಮದುವೆಯಲ್ಲಿ ಹುಟ್ಟು ಕಿವುಡು ಹೆಚ್ಚು, ಅದಕ್ಕೇ ಈ ಪ್ರಶ್ನೆ. ನಿಮ್ಮನ್ನು ದೂರೋಕಲ್ಲ. ಮುಚ್ಚಿಡಬೇಡಿ.

ಆಮೇಲೆ ಕಿವಿ ಪರೀಕ್ಷೆ. ಮಗು ಮಲಗಿರುವಾಗ ಕಿವಿಗೆ ಸಣ್ಣ ಬಿರಡೆಯಂಥದ್ದು ಇಟ್ಟು ಸದ್ದು ಕಳಿಸುತ್ತಾರೆ. ಇನ್ನೊಂದರಲ್ಲಿ ತಲೆಗೆ ತಂತಿ ಅಂಟಿಸಿ, ಸದ್ದು ಮಿದುಳಿನ ಕಡೆಗೆ ಹೋಗುತ್ತಿದೆಯೇ ಅಂತ ಯಂತ್ರದಲ್ಲಿ ನೋಡುತ್ತಾರೆ. ಕರೆಂಟು ಹೊಡೆಯೋದಿಲ್ಲ, ನೋವಿಲ್ಲ. ಹುಟ್ಟಿದ ಕೂಸಿಗೂ ಮಾಡಬಹುದು. ಮೂರು ತಿಂಗಳೊಳಗೆ ತೊಂದರೆ ಖಚಿತವಾಗಿ, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾದರೆ ಮಾತು ಕಲಿಯೋದು ಸುಲಭ. ತಡವಾದಷ್ಟೂ ಕಷ್ಟ.

ಕಿವಿ ಸರಿಯಿದ್ದೂ ಮಾತು ಬಾರದ ಮಕ್ಕಳಿದ್ದಾರೆ. ಕೆಲವು ಮಕ್ಕಳು ಮುಖ ಕೊಟ್ಟು ನೋಡೋದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸೋದಿಲ್ಲ. ಅದು ಆಟಿಸಂ ಇರಬಹುದು. ಕೆಲವರದು ಬುದ್ಧಿ ಬೆಳವಣಿಗೆ ನಿಧಾನ. ಒಂದೊಂದಕ್ಕೂ ಬೇರೆ ಬೇರೆ ತರಬೇತಿ. ಯಾವುದು ಅಂತ ತಿಳಿಯೋಕೇ ಪರೀಕ್ಷೆ.

ಮೈಸೂರಿಗೆ ಹೋಗೋಕೆ ಮುಂಚೆ ಅಂಗನವಾಡಿ ಟೀಚರಿಗೆ, ಆಶಾ ಅಕ್ಕನಿಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರು ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತಾರೆ. ಅವರಿಂದ ಚೀಟಿ ಬರೆಸಿಕೊಳ್ಳಿ. ತಾಯಿ ಕಾರ್ಡು ಜೊತೆಗಿರಲಿ. ಮಗು ಆಡುವ ಮಾತು ಎಷ್ಟು, ಯಾವುವು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಈಗ ನಿಮಗೆ ಬರೆಯೋಕೆ ಬರುತ್ತಲ್ಲ! ಅಲ್ಲಿ ಅದನ್ನೇ ಮೊದಲು ಕೇಳಬಹುದು.