ಒಂದೇ ಗಣಕಯಂತ್ರ, ಮೂರು ಮೇಜು

ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಮನೆಯಲ್ಲಿ ಮಲಗುವ ಕೋಣೆ ಒಂದೇ. 2020ರ ಮಾರ್ಚ್‌ನಲ್ಲಿ ಶಾಲೆಯ ಪಾಠಗಳು ಮನೆಗೇ ಬಂದಾಗ ಗಣಕಯಂತ್ರವೂ ಒಂದೇ ಇತ್ತು. ಒಂದು ಸಂಜೆ ಪರದೆಯ ತುಂಬ ಕಿಟಕಿಗಳು. ತನ್ನ ಚಿತ್ರ ಹುಡುಕುತ್ತಿದ್ದ ಮಗಳು ನನ್ನ ಕಚೇರಿಯ ಲೆಕ್ಕದ ಹಾಳೆಯನ್ನು ಮುಚ್ಚಿದಳು, ‘ಉಳಿಸಬೇಕೇ?’ ಎಂದು ಅದು ಕೇಳಿದಾಗ ‘ಬೇಡ’ ಎಂದು ಒತ್ತಿಯೂಬಿಟ್ಟಳು. ನಾನು ಗದರಿದೆ, ಅವಳು ಅತ್ತಳು. ಯಾವುದು ಯಾರದೆಂದೇ ತಿಳಿಯದ ರಾಶಿಯಲ್ಲಿ ಮಗು ತಾನೇ ಏನು ಮಾಡೀತು?

ಇದಕ್ಕೊಂದು ಉಪಾಯವಿದೆ. ಅದೇ ವರ್ಚುವಲ್ ಡೆಸ್ಕ್‌ಟಾಪ್. ಪರದೆ ಒಂದೇ ಆದರೂ ಅದರೊಳಗೆ ಬೇರೆ ಬೇರೆ ಮೇಜುಗಳನ್ನು ಹಾಕಿಕೊಂಡಂತೆ. 1986ರಲ್ಲೇ ಝೆರಾಕ್ಸ್ ಸಂಸ್ಥೆಯ ಸಂಶೋಧಕರು ‘ರೂಮ್ಸ್’ ಎಂಬ ಹೆಸರಿನಲ್ಲಿ ಇಂಥದನ್ನು ರೂಪಿಸಿದ್ದರು. ವಿಂಡೋಸ್ ಬಳಸುವವರಿಗೆ ಇದು 2015ರ ವಿಂಡೋಸ್ 10ರ ಜೊತೆಯಲ್ಲೇ ಸಿಕ್ಕಿತು.

ಮಕ್ಕಳೇ, ಕಂಟ್ರೋಲ್, ವಿಂಡೋಸ್ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಿ, ಖಾಲಿ ಮೇಜೊಂದು ಬರುತ್ತದೆ. ಡಿ ಬದಲು ಎಡ ಅಥವಾ ಬಲ ಬಾಣವನ್ನು ಒತ್ತಿದರೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಬಹುದು. ವಿಂಡೋಸ್ ಮತ್ತು ಟ್ಯಾಬ್ ಒತ್ತಿದರೆ ಎಲ್ಲ ಮೇಜುಗಳೂ ಸಾಲಾಗಿ ಕಾಣುತ್ತವೆ. ಕಿಟಕಿಯನ್ನು ಎಳೆದು ಬೇಕಾದ ಮೇಜಿಗೆ ಹಾಕಬಹುದು. ನಮ್ಮಲ್ಲಿ ಒಂದು ಶಾಲೆಗೆ, ಒಂದು ಕಚೇರಿಗೆ, ಮೂರನೆಯದು ಕನ್ನಡ ಪಾಠಕ್ಕೆ.

ಪೋಷಕರಿಗೆ ಒಂದು ಮಾತು: ಇದು ಬೀಗವಲ್ಲ. ಬಾಣದ ಕೀಲಿ ಒತ್ತಿದವರೆಲ್ಲ ನಿಮ್ಮ ಮೇಜಿಗೆ ಬರಬಲ್ಲರು. ಗುಟ್ಟಿನ ಕಾಗದಗಳಿದ್ದರೆ ಪಾಸ್‌ವರ್ಡ್ ಇರುವ ಪ್ರತ್ಯೇಕ ಖಾತೆಯೇ ಬೇಕು. ಕಣ್ಣಿಗೆ ಕಾಣದ ಮೇಜಿನ ತಂತ್ರಾಂಶಗಳೂ ಓಡುತ್ತಲೇ ಇರುವುದರಿಂದ ಹಳೆಯ ಯಂತ್ರ ನಿಧಾನವಾದೀತು. ಮೇಜನ್ನು ಮುಚ್ಚಿದರೆ ಮಾತ್ರ ಭಯವಿಲ್ಲ. ಅದರ ಕಿಟಕಿಗಳು ಪಕ್ಕದ ಮೇಜಿಗೆ ಹೋಗಿ ಕುಳಿತುಕೊಳ್ಳುತ್ತವೆ. ನನ್ನ ಮಗಳು ಇದನ್ನು ಎರಡು ಸಲ ಪರೀಕ್ಷಿಸಿದ ಮೇಲೆಯೇ ನಂಬಿದ್ದು.