ಮೂಳೆಯೆಂಬ ಉಳಿತಾಯದ ಖಾತೆ

ವಯಸ್ಸಾದವರು ಬಚ್ಚಲಲ್ಲಿ ಕಾಲು ಜಾರಿ ಬಿದ್ದರೆಂದರೆ ಮನೆಮಂದಿಯ ಎದೆ ಝಲ್ಲೆನ್ನುತ್ತದೆ. ಮೊಮ್ಮಗನು ಅಂಗಳದಲ್ಲಿ ದಿನಕ್ಕೆ ಹತ್ತು ಸಲ ಬಿದ್ದರೂ ಧೂಳು ಕೊಡವಿಕೊಂಡು ಎದ್ದೋಡುತ್ತಾನೆ. ಅಜ್ಜಿಯಾದರೋ ಒಮ್ಮೆ ಬಿದ್ದುದಕ್ಕೇ ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿಯಬಹುದು. ಈ ಅಂತರಕ್ಕೆ ಕಾರಣವೇನು?

ಮೂಳೆಯೆಂದರೆ ಕಲ್ಲಿನಂಥ ಜಡವಸ್ತುವೆಂಬ ಭಾವನೆ ಸಾಮಾನ್ಯ. ವಾಸ್ತವವಾಗಿ ಅದು ರಕ್ತ ಹರಿಯುವ ಜೀವಂತ ಅಂಗ. ಬೆಳೆದ ಮನುಷ್ಯನ ದೇಹದಲ್ಲಿರುವ ೨೦೬ ಮೂಳೆಗಳೊಳಗೆ ಎರಡು ಬಗೆಯ ಜೀವಕಣಗಳು ಬಿಡುವಿಲ್ಲದೆ ದುಡಿಯುತ್ತವೆ. ಒಂದು ತಂಡ ಹಳೆಯ ಮೂಳೆಯನ್ನು ಕರಗಿಸುತ್ತ ಹೋದರೆ, ಇನ್ನೊಂದು ಅದರ ಬೆನ್ನಿಗೇ ಹೊಸದನ್ನು ಕಟ್ಟುತ್ತ ಬರುತ್ತದೆ. ಹೀಗೆ ಸುಮಾರು ೧೦ ವರ್ಷಗಳಲ್ಲಿ ಅಸ್ಥಿಪಂಜರದ ಬಹುಭಾಗ ಹೊಸದಾಗುತ್ತದೆ.

ದೇಹದ ಸುಣ್ಣದ ಅಂಶದಲ್ಲಿ ಶೇಕಡ ೯೯ ಭಾಗ ಮೂಳೆ ಮತ್ತು ಹಲ್ಲುಗಳಲ್ಲಿ ಅಡಗಿದೆ. ಉಳಿದ ಅಲ್ಪಾಂಶವಿಲ್ಲದೆ ಹೃದಯ ಮಿಡಿಯಲಾರದು, ಸ್ನಾಯು ಸಂಕುಚಿಸಲಾರದು. ಆಹಾರದಿಂದ ಅದು ಸಾಲದಾದಾಗ ರಕ್ತವು ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ಸುಮಾರು ೩೦ನೆಯ ವಯಸ್ಸಿನವರೆಗೆ ಈ ಖಾತೆಯಲ್ಲಿ ಜಮೆಯೇ ಹೆಚ್ಚು. ಅನಂತರ ಕ್ರಮೇಣ ಖರ್ಚಿನ ಕೈ ಮೇಲಾಗುತ್ತದೆ. ಮುಟ್ಟು ನಿಂತ ತರುವಾಯ ಸ್ತ್ರೀಯರಲ್ಲಿ ಈ ನಷ್ಟ ಇನ್ನೂ ತೀವ್ರ. ಅಜ್ಜಿಯ ಮೂಳೆ ಅಷ್ಟು ಸುಲಭವಾಗಿ ಮುರಿಯುವುದು ಇದರಿಂದಲೇ.

ಜಮೆ ಮಾಡುವ ದಾರಿಗಳಲ್ಲಿ ಮುಖ್ಯವಾದುದು ದುಡಿಮೆ. ಸ್ನಾಯು ಎಳೆಯಬಲ್ಲುದೇ ಹೊರತು ತಳ್ಳಲಾರದು. ಆದ್ದರಿಂದಲೇ ತೋಳನ್ನು ಮಡಿಸಲು ಮುಂದೊಂದು, ನೀಡಲು ಹಿಂದೊಂದು ಸ್ನಾಯುವಿದೆ. ಮಡಿಸುವ ಸ್ನಾಯು ಮೊಣಕೈ ಕೀಲಿನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲೇ ಮೂಳೆಗೆ ಅಂಟಿಕೊಂಡಿದೆ. ಅಂಗೈಯಾದರೋ ಸುಮಾರು ೩೫ ಸೆಂಟಿಮೀಟರ್ ದೂರ. ಹೀಗಾಗಿ ಮೊಣಕೈ ಮಡಿಸಿ ೫ ಕಿಲೋ ತರಕಾರಿ ಚೀಲ ಹಿಡಿದರೆ, ಸ್ನಾಯು ಅದರ ಏಳೆಂಟು ಪಟ್ಟು ಬಲದಿಂದ ಎಳೆಯಬೇಕು. ಈ ಎಳೆತವನ್ನು ಅರಿತೇ ಮೂಳೆ ತನ್ನನ್ನು ಗಟ್ಟಿಮಾಡಿಕೊಳ್ಳುತ್ತದೆ. ಎಳೆತವಿಲ್ಲದೆಡೆ ಸವೆಯುತ್ತದೆ. ಭಾರವೇ ತಿಳಿಯದ ಅಂತರಿಕ್ಷದಲ್ಲಿ ಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡ ೧ರಷ್ಟು ಕ್ಷಯಿಸಿರುವುದು ಇದಕ್ಕೆ ಸಾಕ್ಷಿ.

ಕೀಲುಗಳ ನ್ಯಾಯವೂ ಇದೇ. ಮೂಳೆಯ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ನಡೆದಾಗ ಅದು ಒತ್ತಿ ಸಡಿಲಗೊಂಡು, ನೀರಿನಲ್ಲಿ ಹಿಂಡಿ ಬಿಟ್ಟ ಬಟ್ಟೆಯಂತೆ, ಕೀಲಿನ ರಸದಿಂದ ಪೋಷಣೆ ಹೀರುತ್ತದೆ.

ಇನ್ನು ಆಹಾರ. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಬಿಳಿಯ ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಪೇಟೆಗೆ ಬಂದು ಮುದ್ದೆಯನ್ನು ಮರೆತ ಮನೆಗಳು ಇದನ್ನು ನೆನೆಯಬೇಕು. ಹಾಲು, ಮೊಸರು, ಸೊಪ್ಪುಗಳೂ ಉಪಯುಕ್ತ. ಉಂಡ ಸುಣ್ಣವನ್ನು ದೇಹ ಹೀರಿಕೊಳ್ಳಲು ಬೇಕಾದ ಡಿ ಜೀವಸತ್ವವನ್ನು ಬಿಸಿಲು ಪುಕ್ಕಟೆಯಾಗಿ ಒದಗಿಸುತ್ತದೆ.

‘ನೀವು ಸುಮ್ಮನೆ ಕುಳಿತಿರಿ ಅಮ್ಮ, ಎಲ್ಲವನ್ನೂ ನಾವೇ ಮಾಡುತ್ತೇವೆ’ ಎನ್ನುವ ಸೊಸೆಯ ಅಕ್ಕರೆ ದೊಡ್ಡದೇ ಸರಿ. ಆದರೆ ಬಚ್ಚಲನ್ನು ಒಣಗಿಸಿ, ಗೋಡೆಗೊಂದು ಹಿಡಿ ಹಾಕಿಸಿ, ಸಂಜೆ ಅತ್ತೆಯ ಜೊತೆ ದೇವಸ್ಥಾನದವರೆಗೆ ನಡೆದುಹೋಗಿ ಬರುವುದು ಅದಕ್ಕಿಂತ ಹಿರಿದಾದ ಉಪಚಾರ.