ಮದುವೆ ಫೋಟೋದ ಹಿಂಬದಿ

ನಮ್ಮ ರಾತ್ರಿ ಶಾಲೆಯಲ್ಲಿ ಒಂದು ದಿನ ಒಂದು ಆಟ ಆಡಿದೆವು. ಮನೆಯಲ್ಲಿ ಅಕ್ಷರ ಇರುವ ಯಾವುದಾದರೂ ಒಂದು ವಸ್ತು ತನ್ನಿ ಎಂದು ಎಲ್ಲರಿಗೂ ಹೇಳಿದ್ದೆವು. ಒಬ್ಬರು ಬೆಂಕಿಪೊಟ್ಟಣ ತಂದರು. ಒಬ್ಬರು ರೇಷನ್ ಕಾರ್ಡು ತಂದರು. ಇನ್ನೊಬ್ಬರು ಕೆಮ್ಮಿನ ಔಷಧಿ ಬಾಟಲಿ ತಂದರು. ಒಬ್ಬ ಅಕ್ಕ ಮಾತ್ರ ಸೆರಗಿನಲ್ಲಿ ಸುತ್ತಿಕೊಂಡು ಒಂದು ಫೋಟೋ ತಂದರು.

ಅದು ಅವರ ಮದುವೆಯ ಫೋಟೋ. ಆದರೆ ಅರ್ಧ ಹಾಳಾಗಿತ್ತು. ಬೂಸ್ಟು ಹಿಡಿದು ಮದುಮಗನ ಮುಖ ಅಳಿಸಿ ಹೋಗಿತ್ತು. ಪೇಟ ಮಾತ್ರ ಕಾಣುತ್ತಿತ್ತು.

"ಇದರಲ್ಲಿ ಅಕ್ಷರ ಎಲ್ಲಿದೆ ಅಕ್ಕಾ?" ಎಂದು ಕೇಳಿದೆವು.

ಅವರು ಫೋಟೋ ತಿರುಗಿಸಿದರು. ಹಿಂಬದಿಯಲ್ಲಿ ಸ್ಟುಡಿಯೋದ ನೀಲಿ ಮೊಹರು ಇತ್ತು. ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು. ಅಕ್ಕ ಬೆರಳಿಟ್ಟು ನಿಧಾನವಾಗಿ ಓದಿದರು. "5-6-94. ನಂಬರ್ 212." ಇಷ್ಟು ವರ್ಷ ಆ ಫೋಟೋ ಅವರ ಪೆಟ್ಟಿಗೆಯಲ್ಲೇ ಇತ್ತು. ಹಿಂದೆ ಏನು ಬರೆದಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವರ ಯಜಮಾನರು ತೀರಿಕೊಂಡು ಆರು ವರ್ಷವಾಗಿದೆ. ಅವರಿಬ್ಬರೂ ಜೊತೆಗಿರುವ ಫೋಟೋ ಅದೊಂದೇ.

ನಾವು ಆ ನಂಬರು ಹಿಡಿದು ಪೇಟೆಯ ಸ್ಟುಡಿಯೋಕ್ಕೆ ಹೋದೆವು. ಐದು ಜನ ಅಕ್ಕಂದಿರು ಜೊತೆಗೆ ಬಂದರು. ಸ್ಟುಡಿಯೋದ ಅಣ್ಣನಿಗೆ ಈಗ ಅರವತ್ತು ದಾಟಿದೆ. 1988ರಿಂದ ಮದುವೆ ಫೋಟೋ ತೆಗೆಯುತ್ತಾ ಬಂದಿದ್ದಾರೆ. ಫೋಟೋ ನೋಡಿದ್ದೇ ತಡ, "ಓಹೋ, ಇದು ಮಳೆ ಮದುವೆ!" ಎಂದರು.

ಅಂದು ನಡೆದದ್ದನ್ನು ಅವರೇ ಹೇಳಿದರು. ಜೂನ್ ಮೊದಲ ವಾರ. ಆಷಾಢ ಬರುವುದರೊಳಗೆ ಮುಗಿಸಬೇಕು ಎಂದು ಅವಸರದಲ್ಲಿ ಇಟ್ಟ ಮದುವೆ. ಮನೆಯಂಗಳದಲ್ಲಿ ಅಡಿಕೆ ಸೋಗೆಯ ಚಪ್ಪರ. ಹಿಂದಿನ ರಾತ್ರಿಯಿಂದಲೇ ಮಳೆ ಹಿಡಿದಿತ್ತು. ಮಲೆನಾಡಿನ ಮಳೆ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಹಳ್ಳ ತುಂಬಿ ಬಸ್ಸು ಆಚೆ ದಡದಲ್ಲೇ ನಿಂತಿತು. ಅಣ್ಣ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಲೆ ಮೇಲೆ ಇಟ್ಟುಕೊಂಡು ಹಳ್ಳ ದಾಟಿದರು. ಸೊಂಟದವರೆಗೆ ನೀರು.

"ನಾನು ಒದ್ದೆಯಾದ್ರೆ ಒಣಗ್ತೀನಿ ಅಕ್ಕಾ, ಕ್ಯಾಮೆರಾ ಒದ್ದೆಯಾದ್ರೆ ಒಣಗಲ್ಲ" ಎಂದರು.

ಚಪ್ಪರ ಸೋರುತ್ತಿತ್ತು. ಹಿರಿಯರು ಮದುವೆಯನ್ನು ಜಗಲಿಗೆ ತಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಲಾಶಿನೊಳಗೆ ನೀರು ಇಳಿದು ಅದೂ ಕೆಟ್ಟಿತು. ಹಗಲು ಹನ್ನೊಂದು ಗಂಟೆಗೇ ಕತ್ತಲೆ. ಗ್ಯಾಸ್ ಲೈಟಿನ ಬೆಳಕಲ್ಲಿ ಮಂತ್ರ ನಡೆಯಿತು.

ಇಲ್ಲಿ ಒಂದು ಮಾತು ತಿಳಿದುಕೊಳ್ಳೋಣ. ಫೋಟೋ ಅಂದರೆ ಬೆಳಕು. ಕ್ಯಾಮೆರಾದ ಒಳಗೆ ಆಗ ರೀಲು ಇರುತ್ತಿತ್ತು. ಗುಂಡಿ ಒತ್ತಿದರೆ ಕ್ಯಾಮೆರಾದ ಕಣ್ಣು ಒಂದು ಕ್ಷಣ ತೆರೆದು ಮುಚ್ಚುತ್ತದೆ. ಆ ಕ್ಷಣದಲ್ಲಿ ಒಳಗೆ ಹೋದ ಬೆಳಕು ರೀಲಿನ ಮೇಲೆ ಚಿತ್ರ ಮೂಡಿಸುತ್ತದೆ. ಬಿಸಿಲಿದ್ದರೆ ಕಣ್ಣು ರೆಪ್ಪೆ ಬಡಿದಷ್ಟು ಹೊತ್ತೂ ಬೇಡ. ಬೆಳಕು ಕಡಿಮೆ ಇದ್ದರೆ ಹೆಚ್ಚು ಹೊತ್ತು ತೆರೆದಿರಬೇಕು. ಆಗ ಮದುಮಕ್ಕಳು ಅಲುಗಾಡಿದರೆ ಚಿತ್ರ ಕದಡಿದ ನೀರಿನ ಹಾಗೆ ಆಗುತ್ತದೆ. ಫೋಟೋ ತೆಗೆಯುವವರ ಕೈ ನಡುಗಿದರೂ ಅಷ್ಟೇ.

ಅಣ್ಣ ಏನು ಮಾಡಿದರು ಗೊತ್ತೇ? ಭತ್ತ ಅಳೆಯುವ ಕೊಳಗವನ್ನು ಬೋರಲು ಹಾಕಿ, ಅದರ ಮೇಲೆ ಕ್ಯಾಮೆರಾ ಇಟ್ಟರು. ಗ್ಯಾಸ್ ಲೈಟನ್ನು ಹತ್ತಿರ ಹಿಡಿಸಿದರು. "ತಾಳಿ ಹಿಡಿದುಕೊಂಡು ಒಂದು ಉಸಿರು ಹಾಗೇ ನಿಲ್ಲಪ್ಪಾ" ಎಂದು ಮದುಮಗನಿಗೆ ಹೇಳಿದರು. ಪುರೋಹಿತರು ಸಿಟ್ಟಾದರು. ಮುಹೂರ್ತ ಮೀರುತ್ತದೆ ಎಂದರು. ಆದರೂ ಒಂದು ಉಸಿರು ನಿಂತರು. ಆ ರೀಲಿನಲ್ಲಿ 36 ಫೋಟೋ ತೆಗೆಯಬಹುದಿತ್ತು. ಅವತ್ತು ಸರಿಯಾಗಿ ಬಂದದ್ದು ನಾಲ್ಕೇ ನಾಲ್ಕು.

ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ಕೇಳುತ್ತಿದ್ದರು. "ಅವರು ಉಸಿರು ಹಿಡಿದು ನಿಂತದ್ದು ನಂಗೆ ನೆನಪಿದೆ" ಎಂದರು.

ಮಳೆಯೊಂದೇ ಕಷ್ಟವಲ್ಲ. ಬಿಸಿಲೂ ಕಷ್ಟವೇ. ನಾವೆಲ್ಲಾ ಬಿಸಿಲಿದ್ದರೆ ಫೋಟೋ ಚೆನ್ನಾಗಿ ಬರುತ್ತದೆ ಎಂದುಕೊಂಡಿದ್ದೆವು. ಹಾಗಲ್ಲವಂತೆ. ನಡು ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಇರುತ್ತಾನೆ. ಆಗ ಹುಬ್ಬಿನ ನೆರಳು ಕಣ್ಣಿನ ಮೇಲೆ ಬೀಳುತ್ತದೆ. ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಮದುಮಗಳ ಕಣ್ಣು ಎರಡು ಕಪ್ಪು ಗುಳಿಯ ಹಾಗೆ ಕಾಣುತ್ತದೆ. ಅದಕ್ಕೇ ಫೋಟೋ ತೆಗೆಯುವವರು ಜೋಡಿಯನ್ನು ಮರದ ನೆರಳಿಗೆ ಕರೆಯುತ್ತಾರೆ. ನಾವು, "ಇಷ್ಟು ಬೆಳಕು ಬಿಟ್ಟು ಅಲ್ಲಿ ಯಾಕೆ?" ಎಂದು ಬೈದುಕೊಳ್ಳುತ್ತೇವೆ!

ಬಾಗಿಲಿಗೆ ಅಥವಾ ಕಿಟಕಿಗೆ ಬೆನ್ನು ಮಾಡಿ ನಿಂತರೂ ಮುಖ ಕಪ್ಪಾಗುತ್ತದೆ. ಬೆಳಕು ಬೆನ್ನಿಗೆ ಬೀಳುತ್ತದೆ, ಮುಖಕ್ಕೆ ಬೀಳುವುದಿಲ್ಲ. ಮನೆಯಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆಯುವಾಗಲೂ ಇದನ್ನು ನೋಡಬಹುದು. ಕಿಟಕಿಗೆ ಎದುರಾಗಿ ನಿಲ್ಲಿಸಿ, ಆಮೇಲೆ ಬೆನ್ನು ಮಾಡಿ ನಿಲ್ಲಿಸಿ, ಎರಡು ಫೋಟೋ ತೆಗೆಯಿರಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಬಯಲುಸೀಮೆ ಕಡೆ ಮೇ ತಿಂಗಳಲ್ಲಿ ಮದುವೆಗೆ ಹೋದರೆ ಸೆಕೆಯ ಕಾಟ. ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೆಚ್ಚು ಸೆಕೆಯಲ್ಲಿ ರೀಲು ಕೆಟ್ಟು ಬಣ್ಣ ಬದಲಾಗುತ್ತಿತ್ತು. ಅಣ್ಣ ರೀಲುಗಳನ್ನು ಡಬ್ಬಿಯಲ್ಲಿ ಹಾಕಿ, ನೀರಿನ ಮಡಕೆಯ ಪಕ್ಕ ನೆರಳಿನಲ್ಲಿ ಇಡುತ್ತಿದ್ದರಂತೆ. ಅಲ್ಲಿ ಶಾಮಿಯಾನದ ಇನ್ನೊಂದು ತೊಂದರೆ. ಕೆಂಪು ಬಟ್ಟೆಯ ಶಾಮಿಯಾನ ಹಾಕಿದ್ದರೆ ಬಿಸಿಲು ಆ ಬಟ್ಟೆಯೊಳಗಿಂದ ಇಳಿದು ಕೆಂಪಾಗುತ್ತದೆ. ಮುಖವೂ ಕೆಂಪು, ಅನ್ನವೂ ಕೆಂಪು. ನೀಲಿ ಬಟ್ಟೆಯಾದರೆ ಎಲ್ಲರೂ ಜ್ವರ ಬಂದವರ ಹಾಗೆ. ಬಿಳಿ ಬಟ್ಟೆಯ ಚಪ್ಪರವೇ ಒಳ್ಳೆಯದು ಎನ್ನುತ್ತಾರೆ ಅಣ್ಣ. ನಮ್ಮ ಸೋಗೆಯ ಚಪ್ಪರ ಇನ್ನೂ ಒಳ್ಳೆಯದು. ಸೋರದಿದ್ದರೆ!

ಹೋಮದ ಹೊಗೆಯ ವಿಷಯ ನಮಗೆ ಹೊಸದು. ಫ್ಲಾಶ್ ಹೊಡೆದರೆ ಬೆಳಕು ಹೊಗೆಗೆ ತಾಗಿ ವಾಪಸು ಬರುತ್ತದೆ. ಫೋಟೋದಲ್ಲಿ ಬಿಳಿ ಪರದೆ ಕಟ್ಟಿದ ಹಾಗೆ ಕಾಣುತ್ತದೆ. ಮಳೆ ಹನಿಯೂ ಹಾಗೆಯೇ. ಹತ್ತಿರದ ಹನಿಗಳು ಬಿಳಿ ಚುಕ್ಕೆಗಳಾಗಿ ಹೊಳೆಯುತ್ತವೆ. ಅದಕ್ಕೆ ಗಾಳಿ ಯಾವ ಕಡೆ ಬೀಸುತ್ತದೆ ಎಂದು ಮೊದಲೇ ನೋಡಿಕೊಂಡು ನಿಲ್ಲಬೇಕು.

ದೊಡ್ಡ ಊರಿನ ಎ.ಸಿ. ಕಲ್ಯಾಣ ಮಂಟಪಕ್ಕೆ ಹೋದರೆ ಇದ್ಯಾವುದೂ ಇಲ್ಲವಲ್ಲ ಎಂದು ನಾವು ಕೇಳಿದೆವು. ಅಲ್ಲಿ ಒಳಗೆ ತಣ್ಣಗೆ, ಹೊರಗೆ ಸೆಕೆ. ಒಳಗಿದ್ದ ಕ್ಯಾಮೆರಾ ಹೊರಗೆ ತಂದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಗೆ ಹನಿ ಕೂರುವುದಿಲ್ಲವೇ, ಹಾಗೆ. ಹತ್ತು ನಿಮಿಷ ಸುಮ್ಮನೆ ಕಾಯಬೇಕು. ಅಷ್ಟರಲ್ಲಿ ದಿಬ್ಬಣ ಬಂದು ಹೋಗಿರುತ್ತದೆ.

ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹ ನಡೆಯುತ್ತಿದೆ. ಒಮ್ಮೆ ನಮ್ಮ ಕಡೆಯ ಒಂದು ಜೋಡಿಯ ಮನೆಯವರು ಅಣ್ಣನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಸಂಜೆಯ ಗೋಧೂಳಿ ಲಗ್ನ. ಬೆಳಕು ಇಳಿಯುವ ಹೊತ್ತು. ಸೀರೆ, ಪಂಚೆ, ಮಾಂಗಲ್ಯ ಎಲ್ಲಾ ಕ್ಷೇತ್ರದವರೇ ಕೊಡುತ್ತಾರೆ. ಎಲ್ಲರ ಉಡುಪೂ ಒಂದೇ ತರ. ನೂರಾರು ಜೋಡಿ ಒಂದೇ ಗಳಿಗೆಯಲ್ಲಿ ತಾಳಿ ಕಟ್ಟುತ್ತಾರೆ. ಅಷ್ಟು ಜನರ ನಡುವೆ ತಮ್ಮ ಜೋಡಿಯನ್ನು ಎಲ್ಲಿ ಹುಡುಕುವುದು? ಮದುಮಗಳ ತಮ್ಮ ಒಂದು ಉಪಾಯ ಮಾಡಿದ. ದೂರದಿಂದ ಕೆಂಪು ಟವೆಲ್ ಬೀಸಿ ತೋರಿಸಿದ. "ಆ ಟವೆಲ್ ಇಲ್ಲದಿದ್ರೆ ಬೇರೆಯವರ ಮದುವೆ ತೆಗೆದು ಬಂದಿರ್ತಿದ್ದೆ" ಎಂದು ಅಣ್ಣ ನಕ್ಕರು.

ನಮ್ಮ ಜೊತೆ ಬಂದಿದ್ದ ಒಬ್ಬ ಅಜ್ಜಿ ಆಗ ಒಂದು ಪ್ರಶ್ನೆ ಕೇಳಿದರು. "ಅಲ್ಲ ತಮ್ಮಾ, ನಾನು ನನ್ನ ನಾಲ್ಕು ಮಕ್ಕಳ ಮದುವೆ ಮಾಡಿದೆ. ಒಂದು ಫೋಟೋದಲ್ಲೂ ನಾನಿಲ್ಲ. ಯಾಕೆ?"

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀವು ಅಡುಗೆ ಮನೇಲಿ ಇದ್ರಿ ಅಮ್ಮಾ. ನಾವು ಮಂಟಪದ ಹತ್ರ ಇದ್ವಿ" ಎಂದರು. ಒಂದು ರೀಲಿಗೆ ಇಷ್ಟು ಅಂತ ಲೆಕ್ಕ. ಯಾರ ಫೋಟೋ ತೆಗೆಯಬೇಕು ಎಂದು ಗಂಡಸರು ಹೇಳುತ್ತಿದ್ದರು. ದೊಡ್ಡ ನೆಂಟರು, ಉಡುಗೊರೆ ಕೊಡುವವರು, ಅವರದ್ದೇ ಸಾಲು. ಈಗ ಅಣ್ಣ ತಾವಾಗಿಯೇ ಅಡುಗೆ ಮನೆಗೂ ಹೋಗಿ ನಾಲ್ಕು ಫೋಟೋ ತೆಗೆಯುತ್ತಾರಂತೆ. ನಾವು ಕೂಡ ಹೇಳಬಹುದು. ನಮ್ಮ ಮನೆಯ ಮದುವೆಯಲ್ಲಿ ಕಾಯಿ ತುರಿದವರು, ಎಲೆ ಬಡಿಸಿದವರು, ಪಾತ್ರೆ ತೊಳೆದವರು ಎಲ್ಲರದ್ದೂ ಒಂದು ಫೋಟೋ ಇರಲಿ ಎಂದು ಮೊದಲೇ ಹೇಳಬಹುದು. ಇನ್ನೊಂದು ಮಾತೂ ಇದೆ. ಕೆಲವರು ಮದುಮಗಳ ಬಣ್ಣವನ್ನು ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿಸಿಕೊಳ್ಳುತ್ತಾರೆ. ನಮಗಂತೂ ಅದು ಸರಿ ಕಾಣುವುದಿಲ್ಲ. ನಾಳೆ ಮಗು ಆ ಫೋಟೋ ನೋಡಿ ಇದು ಯಾರು ಅಂತ ಕೇಳಬೇಕೇ?

ಅಣ್ಣ ಹೇಳಿದ ಇನ್ನೊಂದು ಸಂಗತಿ ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಒಂದು ದಿನ ಒಬ್ಬ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ಸ್ಟುಡಿಯೋಕ್ಕೆ ಬಂದಳು. ಗಂಡ ಅವಳನ್ನು ಬಿಟ್ಟಿದ್ದ. ಇವಳ ಜೊತೆ ನನಗೆ ಮದುವೆಯೇ ಆಗಿಲ್ಲ ಎಂದು ಹೇಳುತ್ತಿದ್ದ. ಆಲ್ಬಮ್ಮು ಅವನ ಮನೆಯಲ್ಲೇ ಇತ್ತು. ಅವಳ ಕೈಯಲ್ಲಿ ಏನೂ ಇರಲಿಲ್ಲ. ಮದುವೆಯಾದ ದೇವಸ್ಥಾನ, ತಿಂಗಳು ಇಷ್ಟೇ ನೆನಪು. ಅಣ್ಣ ಪುಸ್ತಕ ತೆರೆದು ಆ ತಿಂಗಳ ಮದುವೆಗಳನ್ನು ಒಂದೊಂದಾಗಿ ನೋಡಿದರು. ನೆಗೆಟಿವ್ ಸಿಕ್ಕಿತು. ಜೀವನಾಂಶದ ಕೇಸಿನಲ್ಲಿ ಅಣ್ಣನೇ ಕೋರ್ಟಿಗೆ ಹೋಗಿ, ಈ ಫೋಟೋ ನಾನೇ ತೆಗೆದದ್ದು ಎಂದು ಹೇಳಿ ಬಂದರು. ಪುರೋಹಿತರೂ ಅಕ್ಕಪಕ್ಕದವರೂ ಸಾಕ್ಷಿ ಹೇಳಿದರು. ಅವಳಿಗೆ ಜೀವನಾಂಶ ಸಿಕ್ಕಿತು.

ಫೋಟೋ ಇದ್ದರೂ ನೋಂದಣಿ ಬೇಕು. ನೋಂದಣಿಯೇ ಗಟ್ಟಿ ದಾಖಲೆ. ಕರ್ನಾಟಕದಲ್ಲಿ ಮದುವೆ ನೋಂದಣಿಗೆ 1976ರಲ್ಲಿಯೇ ಒಂದು ಕಾಯಿದೆ ಮಾಡಿದರು. ಎಲ್ಲ ಮದುವೆಗಳನ್ನೂ ನೋಂದಣಿ ಮಾಡಿಸಬೇಕು ಎಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಿಂದೂ ಮದುವೆಯಾದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸಬಹುದು. ಲಗ್ನಪತ್ರಿಕೆ, ಗಂಡ ಹೆಂಡತಿಯ ಫೋಟೋ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಬೇಕು. ಸಾಕ್ಷಿಗಳೂ ಬೇಕು. ಮದುವೆಯಾಗಿ ವರ್ಷಗಳು ಕಳೆದಿದ್ದರೂ ಮಾಡಿಸಬಹುದು.

ಈಗ ರೀಲು ಹೋಗಿ ಕಾರ್ಡು ಬಂದಿದೆ. ಉಗುರಿನಷ್ಟು ಕಾರ್ಡಿನಲ್ಲಿ ಸಾವಿರಾರು ಫೋಟೋ ಹಿಡಿಯುತ್ತವೆ. ಮೊದಲು ಮದುವೆಗೆ ಮೂರು ರೀಲು ಅಂದರೆ 108 ಫೋಟೋ. ಅದೇ ದೊಡ್ಡದು. ಆದರೆ ಕಾರ್ಡು ಕೆಟ್ಟರೆ, ಮೊಬೈಲು ನೀರಿಗೆ ಬಿದ್ದರೆ, ಎಲ್ಲಾ ಒಟ್ಟಿಗೆ ಹೋಗುತ್ತದೆ. ಅದಕ್ಕೆ ಎರಡು ಕಡೆ ಇಟ್ಟುಕೊಳ್ಳಿ ಎನ್ನುತ್ತಾರೆ ಅಣ್ಣ. ಹತ್ತು ಫೋಟೋವನ್ನಾದರೂ ಕಾಗದದ ಮೇಲೆ ಹಾಕಿಸಿಕೊಳ್ಳಿ ಎನ್ನುತ್ತಾರೆ.

ಕಾಗದದ ಫೋಟೋಕ್ಕೆ ಶತ್ರು ಎಂದರೆ ತೇವ. ಆಲ್ಬಮ್ಮನ್ನು ಮಣ್ಣಿನ ಗೋಡೆಗೆ ತಾಗಿಸಿ ಇಡಬಾರದು. ನೆಲದ ಮೇಲಿನ ಪೆಟ್ಟಿಗೆಯಲ್ಲೂ ಬೇಡ. ಮಳೆಗಾಲ ಕಳೆದ ಮೇಲೆ ಒಂದು ಒಣ ದಿನ ನೆರಳಿನಲ್ಲಿ ತೆರೆದಿಡಬೇಕು. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಬೆಳಗಾವಿ ಕಡೆ ನೆರೆ ಬಂತು. ಹಾಗೆ ಮನೆಯೊಳಗೆ ನೀರು ನುಗ್ಗಿ ಆಲ್ಬಮ್ಮು ನೆನೆದರೆ ಅದನ್ನು ಹಾಗೇ ಒಣಗಲು ಬಿಡಬಾರದು. ಒಂದಕ್ಕೊಂದು ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ. ಒದ್ದೆ ಇರುವಾಗಲೇ ಒಂದೊಂದಾಗಿ ಬಿಡಿಸಬೇಕು. ಕೆಸರಿದ್ದರೆ ಶುದ್ಧ ತಣ್ಣೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಬೇಕು. ಚಿತ್ರ ಮೇಲೆ ಮಾಡಿ ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಬೇಕು. ಬಿಸಿಲಿಗೆ ಹಾಕಬಾರದು, ಉಜ್ಜಬಾರದು.

ಮಾತಿನ ಮಧ್ಯೆ ಅಣ್ಣ ಎದ್ದು ಒಳಗೆ ಹೋದರು. ಸಾಲಾಗಿ ತಗಡಿನ ಡಬ್ಬಿಗಳು. 1994ರ ಡಬ್ಬಿ ತೆಗೆದರು. ನಂಬರ್ 212ರ ಲಕೋಟೆ ಸಿಕ್ಕಿತು. ಒಳಗೆ ನೆಗೆಟಿವ್. ಎರಡು ಚಿತ್ರಕ್ಕೆ ಬೂಸ್ಟು ಹಿಡಿದಿತ್ತು. ಎರಡು ಚೆನ್ನಾಗಿದ್ದವು. ಅದನ್ನು ಯಂತ್ರಕ್ಕೆ ಹಾಕಿ ಕಂಪ್ಯೂಟರಿನಲ್ಲಿ ತೋರಿಸಿದರು.

ಒಂದರಲ್ಲಿ ಮದುಮಗ ತಾಳಿ ಹಿಡಿದು ನಿಂತಿದ್ದ. ಕೆನ್ನೆ ಉಬ್ಬಿತ್ತು. ಉಸಿರು ಹಿಡಿದಿದ್ದನಲ್ಲ!

ಅಕ್ಕ ಅದನ್ನು ನೋಡಿ ನಕ್ಕರು. ಆಮೇಲೆ ಚಿತ್ರದ ಅಂಚಿಗೆ ಬೆರಳು ತೋರಿಸಿದರು. ಅಲ್ಲಿ ಒಬ್ಬ ಹೆಂಗಸು ಎರಡೂ ಕೈಯಿಂದ ಗ್ಯಾಸ್ ಲೈಟು ಎತ್ತಿ ಹಿಡಿದಿದ್ದರು. ಹಳೆಯ ಫೋಟೋದಲ್ಲಿ ಆ ಭಾಗ ಕತ್ತರಿಸಿ ಹೋಗಿತ್ತು. "ನಮ್ಮಮ್ಮ" ಎಂದರು ಅಕ್ಕ. ಅವರ ತಾಯಿಯ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ.

ಎರಡು ಚಿತ್ರಗಳನ್ನೂ ಎರಡೆರಡು ಪ್ರತಿ ಹಾಕಿಸಿದೆವು. ಹಿಂಬದಿಯಲ್ಲಿ ಬರೆಯಲು ಅಣ್ಣ ಮೆತ್ತನೆಯ ಪೆನ್ಸಿಲು ಕೊಟ್ಟರು. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದಿನ ಚಿತ್ರದ ಮೇಲೆ ಗೀರು ಮೂಡುತ್ತದೆ. ಅಕ್ಕ ಬೆಂಚಿನ ಮೇಲೆ ಕುಳಿತು ಬರೆದರು. ಮೊದಲು ಯಜಮಾನರ ಹೆಸರು, ಆಮೇಲೆ ತಮ್ಮ ಹೆಸರು, ಆಮೇಲೆ ತಾಯಿಯ ಹೆಸರು. ಕೆಳಗೆ ತಾರೀಖು. ತಾಯಿಯ ಹೆಸರಿನಲ್ಲಿ ಒಂದು ಒತ್ತಕ್ಷರ ಇತ್ತು. ಅದನ್ನು ಮಾತ್ರ ನಮ್ಮನ್ನು ಕೇಳಿ ಬರೆದರು.